ರಂಗೂನಿಗೆ ಹೊರಟ ರುಮಾಲು

ನಮ್ಮ ಮಾವ ಮಹಾಲಿಂಗಪ್ಪನವರ ರುಮಾಲಿಗೆ ಇಡೀ ಹಾನಗಲ್ಲ ತಾಲೂಕಿನಲ್ಲಿ ಹೆಸರಿತ್ತು. ಅಕ್ಕಿಆಲೂರಿನ ಸಂತೆಯಲ್ಲಿ ಭತ್ತದ ಚೀಲಗಳ ನಡುವೆ ಅವರು ನಡೆದು ಬರುತ್ತಿದ್ದರೆ ದೂರದಿಂದಲೇ ಗುರುತು ಸಿಗುತ್ತಿದ್ದುದು ಆ ರುಮಾಲಿನಿಂದ. ಬೆಳ್ಳಗೆ, ಬಿಗಿಯಾಗಿ, ಸುತ್ತಿನ ಮೇಲೆ ಸುತ್ತು ಒಂದೇ ಅಳತೆಯಲ್ಲಿ ಕೂತು, ಬಲಗಿವಿಯ ಮೇಲೆ ಒಂದು ಬೆರಳಿನಷ್ಟು ಇಳಿದಿರುತ್ತಿತ್ತು. ಹೆಣ್ಣು ನೋಡಲು ಹೊರಟ ಗಂಡುಗಳು ಮೊದಲು ಬಂದು ಅವರ ತಲೆ ನೋಡಿಕೊಂಡು ಹೋಗುತ್ತಿದ್ದರು. ಮಾವನವರು ಬಿಂಕದಿಂದ, "ಅದು ಕೈಗುಣರೀ, ಕಲಿತ್ರ ಬರೂದಲ್ಲ" ಎನ್ನುತ್ತಿದ್ದರು. ಕೈಗುಣವೇನೋ ನಿಜ. ಕೈ ಮಾತ್ರ ಅವರದಲ್ಲ.

ಇದು ನನಗೆ ತಿಳಿದದ್ದು ನಾನು ಹಿರೇಬೆಂಡಿಗೇರಿಯಿಂದ ಆ ಮನೆಗೆ ಸೊಸೆಯಾಗಿ ಬಂದ ನಾಲ್ಕನೆಯ ದಿನ. ಬೆಳಗಾದರೆ ಅತ್ತೆ ಮಾವ ಇಬ್ಬರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪೂಜೆಗೆ ಕೂರುತ್ತಾರೆಂದುಕೊಂಡು ನಾನು ವಿಭೂತಿ ತಟ್ಟೆ ಹಿಡಿದು ಬಾಗಿಲು ತಳ್ಳಿದೆ. ಮಾವನವರು ಮಣೆಯ ಮೇಲೆ, ಜಡೆ ಹಾಕಿಸಿಕೊಳ್ಳುವ ಹುಡುಗಿಯ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಅತ್ತೆ ಫಕ್ಕೀರವ್ವ ಹಿಂದೆ ನಿಂತು, ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಜಗ್ಗಿ ಜಗ್ಗಿ ಅವರ ತಲೆಗೆ ಸುತ್ತುತ್ತಿದ್ದರು. ನನ್ನನ್ನು ಕಂಡು ಹಲ್ಲಿನ ತುದಿ ಬಿಡದೆಯೇ, "ಬಾಗಲಾ ಹಾಕು. ನೋಡಿದ್ದು ನೋಡಿದಿ, ಹೊರಗ ಬಾಯಿ ಬಿಟ್ಟೀ ಅಂದ್ರ ಹುಷಾರ್" ಎಂದರು. ಬಾಯಿ ಬಿಡಲಿಲ್ಲ. ಆದರೆ ಅಂದು ಇಡೀ ದಿನ ರೊಟ್ಟಿ ಬಡಿಯುತ್ತಾ ಒಬ್ಬಳೇ ನಕ್ಕೆ.

ಅತ್ತೆಯ ತವರು ಹಿರೇಕೆರೂರು. ಅವರಪ್ಪನಿಗೆ ಎತ್ತು ಹಾಯ್ದು ಬಲಗೈ ಸೊಟ್ಟಗಾದ ಮೇಲೆ ಅವರ ರುಮಾಲು ಕಟ್ಟುವ ಕೆಲಸ ಈ ಮಗಳ ಪಾಲಿಗೆ ಬಂದಿತ್ತು. ಮದುವೆಯ ದಿನ ಅಕ್ಷತೆ ಬೀಳುವ ಹೊತ್ತಿಗೆ ಮದುಮಗನ ರುಮಾಲು ಜಾರಿ ಮೂಗಿನ ಮೇಲೆ ಬಂದು ಕೂತಿತಂತೆ. "ನನಗ ಆಗ ಹದಿಮೂರು ವರ್ಷ. ಹೆಂಗ್ಯಾರ ಇರ್ಲಿ ಗಂಡ, ತಲೀ ಹಿಂಗ ಇರಬಾರದು ಅನಿಸ್ತು ನೋಡು" ಎಂದು ಅತ್ತೆ ನನಗೆ ಹೇಳಿದ್ದರು. ಮಾರನೆಯ ಬೆಳಿಗ್ಗೆಯಿಂದ ಇವರೇ ಕಟ್ಟಿದರು. ಇಪ್ಪತ್ತೆಂಟು ವರ್ಷ ಕಟ್ಟಿದರು. ಜ್ವರ ಬಂದಾಗ ಎದ್ದು ಕೂತು ಕಟ್ಟಿದರು, ಬಾಣಂತನದಲ್ಲಿ ಹೊರಸಿನ ಮೇಲಿಂದಲೇ ಕಟ್ಟಿದರು. ಹೊಗಳಿಕೆಯೆಲ್ಲ ಪಡಸಾಲೆಯಲ್ಲಿ ಮಾವನವರಿಗೆ ಸಲ್ಲುತ್ತಿತ್ತು. ನನಗೆ ಇದು ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಹೀಗಿರುವಾಗ, ಮೂವತ್ತೊಂಬತ್ತನೇ ಇಸವಿಯ ಶಿವರಾತ್ರಿ ಕಳೆದು ರಂಗೂನಿನಿಂದ ಒಂದು ಪತ್ರ ಬಂತು. ಬರೆದವರು ಶಹಾಬುದ್ದೀನರು, ಸವಣೂರಿನವರು, ಮಾವನವರ ಹಳೆಯ ಗೆಳೆಯರು, ರಂಗೂನಿನಲ್ಲಿ ಅಕ್ಕಿಯ ವ್ಯಾಪಾರಕ್ಕೆ ಹೋಗಿ ನೆಲೆ ನಿಂತವರು. ಮಾವನವರಿಗೆ ಊರಿನಲ್ಲಿ ಒಂದು ಅಕ್ಕಿ ಗಿರಣಿ ಹಾಕಬೇಕೆಂಬ ಹುಚ್ಚಿತ್ತು. "ಯುಗಾದಿ ಮುಗಿಸಿ ಬನ್ನಿ, ಮಳೆ ಹಿಡಿಯುವ ಮೊದಲು ಇಲ್ಲಿನ ಗಿರಣಿಗಳನ್ನೆಲ್ಲ ತೋರಿಸುತ್ತೇನೆ. ಇಲ್ಲಿನ ಬೇಸಿಗೆ ನಮ್ಮ ಬೇಸಿಗೆಯಂತಲ್ಲ, ಬೆವರಿನಲ್ಲಿ ಮೈಮೇಲಿನ ಬಟ್ಟೆ ಒಣಗುವುದೇ ಇಲ್ಲ. ತೆಳ್ಳನೆಯ ಬಟ್ಟೆ ತನ್ನಿ. ರುಮಾಲು ಮಾತ್ರ ಮರೆಯಬೇಡಿ. ಅದರ ಬಗ್ಗೆ ಇಲ್ಲಿನವರಿಗೆಲ್ಲ ಹೇಳಿಟ್ಟಿದ್ದೇನೆ" ಎಂದು ಅವರು ಬರೆದಿದ್ದರು.

ಬರ್ಮಾ ಬೇರೆ ದೇಶವಾಗಿ ಆಗ ಎರಡು ವರ್ಷವಾಗಿತ್ತು. ಹಾಗಾಗಿ ಇದು ಪರದೇಶ ಪ್ರಯಾಣವೆಂದು ಊರಿಗೆ ಊರೇ ಲೆಕ್ಕ ಹಾಕಿತು. ಮಾವನವರ ಕಾಲು ನೆಲಕ್ಕೆ ಹತ್ತಲಿಲ್ಲ. ಪತ್ರ ಓದುವಾಗ ಅತ್ತೆ ಬಾಗಿಲ ಬಳಿ ನಿಂತು, "ಹಡಗದಾಗ ನಿಂತ್ರ ಈ ದಂಡಿಲೆ ಆ ದಂಡಿ ಕಾಣಸತೈತೇನ್ರಿ?" ಎಂದು ಕೇಳಿದರು. ಅತ್ತೆ ತವರು ಬಿಟ್ಟರೆ ಸವಣೂರಿನ ಆಚೆಗೆ ಕಾಲಿಟ್ಟವರಲ್ಲ, ರೈಲು ಹತ್ತಿದವರಲ್ಲ. "ನಿನಗ್ಯಾಕ ಅದು, ಸಂಡಗಿ ಒಣಾಕು ಹೋಗು" ಎಂದರು ಮಾವ. ಅತ್ತೆ ಹೋಗಿ ಸಂಡಿಗೆ ಒಣಹಾಕಿದರು. ನಾನೂ ಹಿಂದೆ ಹೋದೆ. "ಅಲ್ಲಿ ಹೆಣ್ಮಕ್ಕಳು ಏನ ಉಟ್ಗೋತಾರೋ ಏನೋ" ಎಂದು ಅವರು ತಮ್ಮಷ್ಟಕ್ಕೆ ಅಂದದ್ದು ನನಗೆ ಕೇಳಿಸಿತು. ಅತ್ತೆಗೆ ಹೋಗುವ ಆಸೆ ಎಷ್ಟಿತ್ತೆಂದು ನನಗೆ ಆಗಲೇ ಗೊತ್ತಾಯಿತು. ಕೇಳದೆ ಅವರು ಹೇಳುವವರಲ್ಲ, ಮಾವ ಕೇಳುವವರಲ್ಲ.

ಮಾರನೆಯ ದಿನದಿಂದ ಪಡಸಾಲೆಯಲ್ಲಿ ಜಮಖಾನ ಹಾಸಿ ಬಟ್ಟೆ ಗುಡ್ಡೆ ಹಾಕುವುದು ಶುರುವಾಯಿತು. ಬಂದವರೆಲ್ಲ ಒಂದು ಎತ್ತುವವರು, ಒಂದು ಇಡುವವರು. ಓಣಿಯ ಬಸವಣ್ಣೆಪ್ಪನವರು ಒಮ್ಮೆ ಮುಂಬಯಿ ನೋಡಿ ಬಂದವರು, ಪರದೇಶದ ಮಾತೆಂದರೆ ತಮ್ಮದೇ ಎಂದು ತಿಳಿದವರು. "ಸಮುದ್ರದ ಮ್ಯಾಲ ಥಂಡಿ ಗಾಳಿ ಇರ್ತೈತಿ, ಉಣ್ಣಿ ಕೋಟ ಇರ್ಲಿ" ಎಂದು ಒಂದು ದಪ್ಪನೆಯ ಕೋಟು ತಂದು ಹಾಕಿದರು. ಸವಣೂರಿನಿಂದ ಅಳತೆಗೆ ಬಂದ ದರ್ಜಿ ಉಸ್ಮಾನಸಾಬರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಸಾವ್ಕಾರ್ರ, ಇದನ್ನ ಹಾಕ್ಕೊಂಡು ಅಲ್ಲಿ ಇಳದ್ರ ನೀವು ಬೆಂದು ಹೋಗ್ತೀರಿ. ತೆಳ್ಳಗ, ಅಲಪಾಕ ಅರಿವೀದು ಹೊಲದು ಕೊಡ್ತೇನಿ" ಎಂದರು. ದಿನಕ್ಕೆ ಎರಡು ಅಂಗಿ ಬೇಕೆಂದು ಒಬ್ಬರು, ಮೂರು ಬೇಕೆಂದು ಒಬ್ಬರು. ಧೋತರ ಎಂಟಾದವು, ಹನ್ನೆರಡಾದವು, ಮತ್ತೆ ಹತ್ತಕ್ಕೆ ಇಳಿದವು.

ತಲೆಯ ವಿಷಯ ಮಾತ್ರ ಪಡಸಾಲೆಯಲ್ಲಿ ಯಾರೂ ಎತ್ತಲಿಲ್ಲ. ಅದು ಒಳಕೋಣೆಯ ವಿಷಯ.

"ಅಲ್ಲೆ ನನ್ನ ತಲೀಗೆ ಯಾರು ಗತಿ?" ಎಂದು ಮಾವ ಅಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತರು. ಟೋಪಿ ಹಾಕಿಕೊಳ್ಳುವಂತಿರಲಿಲ್ಲ. ಟೋಪಿಯವರನ್ನು ಕಂಡರೆ, ಬೋಗುಣಿ ಬೋರಲು ಹಾಕಿಕೊಂಡಿದ್ದಾರೆಂದು ಜನ್ಮವೆಲ್ಲ ಆಡಿಕೊಂಡವರು ಅವರು. ಬರಿತಲೆಯಲ್ಲಿ ಹೋದರೆ ಹೆಣಕ್ಕೆ ಮಣ್ಣು ಕೊಟ್ಟು ಬಂದವರ ಹಾಗೆ. ಅಂದಮೇಲೆ ಕಲಿಯಬೇಕು, ಅದೂ ಹದಿನೈದು ದಿನದಲ್ಲಿ. ಅತ್ತೆ ಕಲಿಸಿದರು. ಮೊದಲ ದಿನ ರುಮಾಲು ಎರಡೂ ಕಿವಿ ಮುಚ್ಚಿ ಕೆಳಗಿಳಿಯಿತು, ಥೇಟ್ ಬಾಣಂತಿ. ನಾನು ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದೆ. ಆರನೆಯ ದಿನ ಸ್ವಲ್ಪ ನಿಂತಿತು, ಆದರೆ ಮಾವನವರು ಸೀನಿದ್ದೇ ತಡ, ಬಿಚ್ಚಿ ಹೆಗಲಿಗೆ ಬಂತು.

ಆಮೇಲೆ ಅತ್ತೆ ತಾವೇ ಒಂದು ದಾರಿ ಹುಡುಕಿದರು. ತಮ್ಮ ಮೊಣಕಾಲಿನ ಮೇಲೆ ಐದು ರುಮಾಲು ಸುತ್ತಿ, ಗಂಜಿ ಹಾಕಿ ಒಣಗಿಸಿ, ಟೋಪಿಯ ಹಾಗೆ ತಲೆಗಿಟ್ಟುಕೊಳ್ಳುವಂತೆ ಮಾಡಿದರು. ನೋಡಲು ಲಕ್ಷಣವಾಗಿದ್ದವು. ಆದರೆ ಐದೂ ಇಟ್ಟರೆ ಟ್ರಂಕಿನಲ್ಲಿ ಒಂದು ಧೋತರಕ್ಕೂ ಜಾಗ ಉಳಿಯಲಿಲ್ಲ. ಇನ್ನು ಬೆವರಿಗೆ ಇವು ತಡೆಯುತ್ತವೆಯೇ ಎಂದು ನೋಡಬೇಕಲ್ಲ? ಬಚ್ಚಲಮನೆಯ ಹಂಡೆಯಲ್ಲಿ ನೀರು ಮರಳಿಸಿ, ಬಾಗಿಲು ಮುಚ್ಚಿ, ಮಾವನವರನ್ನು ರುಮಾಲಿನ ಸಮೇತ ಒಳಗೆ ಕೂರಿಸಿದೆವು. ಅರ್ಧ ತಾಸು ಬಿಟ್ಟು ಹೊರಬಂದಾಗ ಗಂಜಿ ಕರಗಿ ಹುಬ್ಬಿನ ಮೇಲೆ ಹರಿಯುತ್ತಿತ್ತು, ಸುತ್ತುಗಳೆಲ್ಲ ಸಡಿಲಾಗಿ ಕುತ್ತಿಗೆಗೆ ಬಂದಿದ್ದವು. ನಾವು ಮೂವರೂ ಅಲ್ಲೇ ಕಟ್ಟೆಯ ಮೇಲೆ ಕೂತು ನಕ್ಕೆವು. ನಕ್ಕು ಮುಗಿದ ಮೇಲೆ ಮಾವನವರ ಮುಖ ಸಪ್ಪಗಾಯಿತು. "ಮೊಳಕಾಲ ಬ್ಯಾನಿ ಅಂತ ಬರದುಬಿಡ್ತೇನಿ" ಎಂದರು.

"ಬರೀಬ್ಯಾಡ್ರಿ. ಇಷ್ಟ ಆಸೆ ಇಟಗೊಂಡೀರಿ. ನಾ ಇಲ್ಲೆ ಬಿಗದು ಕಟ್ಟಿ ಕಳಸ್ತೇನಿ, ಹಡಗ ಇಳಿಯೂತನ ತಗೀಬ್ಯಾಡ್ರಿ. ಮುಂದಿಂದು ಶಹಾಬುದ್ದೀನಣ್ಣಾರು ನೋಡ್ಕೋತಾರ" ಎಂದರು ಅತ್ತೆ. ನಾನು ಅತ್ತೆಯ ಮುಖವನ್ನೇ ನೋಡಿದೆ. ನಾನೂ ಬರ್ತೇನಿ ಎಂಬ ಒಂದು ಮಾತು ಅವರ ತುದಿನಾಲಿಗೆಗೆ ಬಂದು ಹಿಂದಕ್ಕೆ ಹೋಯಿತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಹಾವೇರಿ ಸ್ಟೇಷನ್ನು ನಮಗೆ ಹತ್ತಿರ. ಆದರೆ ಉಸ್ಮಾನಸಾಬರ ಅಲಪಾಕದ ಕೋಟು ಹೊರಡುವ ದಿನದವರೆಗೂ ಸಿದ್ಧವಾಗದ್ದರಿಂದ ಸವಣೂರಿಗೆ ಹೋಗಿ ಅದನ್ನು ತೊಟ್ಟು, ಅಲ್ಲಿಂದ ಯಲವಿಗಿಯಲ್ಲಿ ರೈಲು ಹಿಡಿಯುವುದೆಂದಾಯಿತು. ಒಂದು ಮೋಟಾರು ತುಂಬ ಜನ ಬೀಳ್ಕೊಡಲು ಬಂದೆವು. ಉಸ್ಮಾನಸಾಬರೂ ಜೊತೆಗೆ ಹತ್ತಿದರು. ಯಲವಿಗಿ ಸ್ಟೇಷನ್ನಿನ ಫಲಾಟಿನ ಮೇಲೆ ಕೋಟು ತೊಟ್ಟು, ಅತ್ತೆ ಬೆಳಿಗ್ಗೆ ಎರಡು ಪಟ್ಟು ಬಿಗಿದು ಕಟ್ಟಿದ್ದ ರುಮಾಲಿನಲ್ಲಿ ಮಾವನವರು ನಿಂತರೆ, ಸ್ಟೇಷನ್ ಮಾಸ್ತರರು ಕೂಡ ಹೊರಗೆ ಬಂದು ನೋಡಿದರು.

ಸಿಗ್ನಲ್ ಬಿದ್ದಿತ್ತು. ಹಾರ ಹಾಕುವ ಗಡಿಬಿಡಿ ಶುರುವಾಯಿತು. ಬಸವಣ್ಣೆಪ್ಪನವರು ಎಲ್ಲರನ್ನೂ ತಳ್ಳಿಕೊಂಡು ಬಂದು ಚೆಂಡು ಹೂವಿನ ಒಂದು ದೊಡ್ಡ ಹಾರ ಹಾಕಿದರು. ಹಾರದ ನಾರು ರುಮಾಲಿನ ಹಿಂದಿನ ತುದಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋಗಿ ಅವರು ಜೋರಾಗಿ ಜಗ್ಗಿದರು. ಒಂದು ಸುತ್ತು ಬಿಚ್ಚಿತು, ಎರಡು ಬಿಚ್ಚಿತು, ನಾವು ಹಾಂ ಹಾಂ ಎನ್ನುವಷ್ಟರಲ್ಲಿ ಹದಿನೆಂಟು ಮೊಳ ರುಮಾಲು ಫಲಾಟಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಮಾವನವರ ನರೆತ ತಲೆಯನ್ನು ಜನ ಮೊದಲ ಸಲ ಕಂಡರು.

"ಕಟಗೊಳ್ರಿ ಸಾವ್ಕಾರ್ರ, ಗಾಡಿ ಬಂತು!" ಎಂದರು ಉಸ್ಮಾನಸಾಬರು. "ನಿಮ್ಮ ಕೈಗೇನು ಹೊತ್ತು ಹಿಡಿತೈತಿ!"

ಮಾವ ಬಟ್ಟೆಯನ್ನು ಎತ್ತಿಕೊಂಡು, ಅದನ್ನೇ ನೋಡುತ್ತಾ ನಿಂತರು. ಜನವೆಲ್ಲ ಕೈಗುಣ ನೋಡಲು ಸುತ್ತ ನೆರೆದರು. ಅತ್ತೆ ಹೆಂಗಸರ ನಡುವೆ ಸೆರಗು ಹೊದ್ದು ತಲೆ ತಗ್ಗಿಸಿದ್ದರು. ಅವರು ಮುಂದೆ ಬಂದರೆ ಗಂಡನ ಮಾನ ಹೋಗುತ್ತದೆ, ಬಾರದಿದ್ದರೂ ಹೋಗುತ್ತದೆ. ಆಗ ಮಾವ ಹೋಗಿ ತಮ್ಮ ಟ್ರಂಕಿನ ಮೇಲೆ ಬೆನ್ನು ತಿರುಗಿಸಿ ಕೂತರು. ಮಂದಿಯ ಮುಂದೆ ಎಂದೂ ಹೆಸರು ಹಿಡಿಯದವರು, ಎಲ್ಲರಿಗೂ ಕೇಳಿಸುವಂತೆ, "ಫಕ್ಕೀರವ್ವಾ, ಬಾ. ಕಟ್ಟು" ಎಂದರು. ಆಮೇಲೆ ಮಂದಿಗೆ ಹೇಳಿದರು, "ನನಗ ಬರಾಂಗಿಲ್ಲರೀ. ಇಪ್ಪತ್ತೆಂಟು ವರ್ಷ ಆಕೀನ ಕಟ್ಯಾಳ."

ಅತ್ತೆ ಬಂದರು. ತುದಿಯನ್ನು ಹಲ್ಲಿಗೆ ಕಚ್ಚಿ ಕಟ್ಟಿದರು. ಮುಗಿದ ಮೇಲೆ ಉಸ್ಮಾನಸಾಬರು, "ವಾಹ್ವಾ ತಾಯಿ, ನನ್ನ ಕತ್ತರೀನ ನಿಮ್ಮ ಕಾಲಿಗೆ ಇಡ್ಬೇಕು" ಎಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಮಾವನವರೂ ನಕ್ಕರು. ರೈಲು ಬಂದು ನಿಂತಿತು. ಮಾವನವರಿಗೆ ಹುರುಪು ಬಂದಿತ್ತು, "ಯಾರರ ಓಡ್ರಿ, ಇನ್ನೊಂದು ಟಿಕೀಟ ತರ್ರಿ. ಈಕೀನೂ ಬರ್ತಾಳ" ಎಂದು ಕೂಗಿದರು.

ಅತ್ತೆ ಕದಲಲಿಲ್ಲ. "ಯಾರನ್ನ ಕೇಳಿ?" ಎಂದರು. "ರುಮಾಲ ಕಟ್ಟಾಕ ಆಳ ಬೇಕಾಗಿದ್ರ ಬ್ಯಾರೆ ಯಾರನ್ನರ ಕರ್ಕೊಂಡು ಹೋಗ್ರಿ. ಉಟ್ಟ ಸೀರಿ ಮ್ಯಾಲ ಎತ್ತಿ ಇಡಾಕ ನಾನೇನು ನಿಮ್ಮ ಟ್ರಂಕೇನ್ರಿ?"

ಅತ್ತೆ ಮಾವನವರಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾವ ಒಂದು ಕಾಲು ರೈಲು ಡಬ್ಬಿಯ ಮೆಟ್ಟಿಲ ಮೇಲಿಟ್ಟವರು ಹಾಗೇ ನಿಂತರು. ಗಾರ್ಡು ಸೀಟಿ ಊದಿದ. ಮಾವ ಕಾಲು ಕೆಳಗಿಟ್ಟರು. ರೈಲು ಮಾವನವರನ್ನು ಬಿಟ್ಟು ಹೋಯಿತು. ಅಲ್ಲಿಂದಲೇ ರಂಗೂನಿಗೆ ತಂತಿ ಹೊಡೆಸಿದರು, ಮುಂದಿನ ಹಡಗಿಗೆ ಬರುತ್ತೇನೆಂದು. ಬರುತ್ತೇವೆ ಎಂದು ಬರೆಸಲು ಅವರಿಗೆ ಇನ್ನೂ ಧೈರ್ಯವಿರಲಿಲ್ಲ. ಅತ್ತೆ ಹೂಂ ಎಂದಿರಲಿಲ್ಲವಲ್ಲ. ಮೋಟಾರಿನಲ್ಲಿ ವಾಪಸು ಬರುವಾಗ ಮಾವ, ಕೆಮ್ಮಿ ಗಂಟಲು ಸರಿ ಮಾಡಿಕೊಂಡು, "ಬರ್ತೀಯೇನು?" ಎಂದು ಕೇಳಿದರು. "ನೋಡೋಣಂತ" ಎಂದರು ಅತ್ತೆ.

ಮರುದಿನ ಮತ್ತೆ ಜಮಖಾನ ಹಾಸಿದೆವು. ಈ ಸಲ ಓಣಿಯ ಹೆಂಗಸರೆಲ್ಲ ಪಡಸಾಲೆಗೇ ಬಂದರು, ಗಂಡಸರು ಅಂಗಳದಲ್ಲಿ ನಿಂತರು. ಇಳಕಲ್ಲ ಸೀರೆಗಳು ಸೆಕೆಗೆ ಭಾರವೆಂದು ಒಬ್ಬಳು, ಪರದೇಶಕ್ಕೆ ಹೋಗುವವಳು ಇಳಕಲ್ಲ ಬಿಟ್ಟು ಹೋದರೆ ನಾಲ್ಕು ಮಂದಿಯಲ್ಲಿ ಹೇಗಿರುತ್ತದೆಂದು ಇನ್ನೊಬ್ಬಳು. ಒಬ್ಬರು ತಮ್ಮ ತೆಳ್ಳನೆಯ ನೂಲಿನ ಸೀರೆ ತಂದುಕೊಟ್ಟರು. ಕುಪ್ಪಸದ ತೋಳು ಗಿಡ್ಡ ಇರಬೇಕೋ ಬೇಡವೋ ಎಂದು ಒಂದು ಮಧ್ಯಾಹ್ನವೇ ಕಳೆಯಿತು. ಅತ್ತೆ ಒಂದೊಂದನ್ನೂ ಬಿಡಿಸಿ, ಬೆಳಕಿಗೆ ಹಿಡಿದು, ಮಡಿಚಿ ಇಡುತ್ತಿದ್ದರು. ಎಲ್ಲರೂ ಅವರನ್ನೇ ಕೇಳುತ್ತಿದ್ದರು, ಇದು ಇರಲೋ, ಅದು ಇರಲೋ. ಅವರ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು. ಆದರೂ ಹೋಗುತ್ತೇನೆಂದು ಮಾತ್ರ ಅವರು ಬಾಯಿ ಬಿಟ್ಟು ಹೇಳಿರಲಿಲ್ಲ.

ಸಂಜೆ ಮಾವ ಸವಣೂರಿನಿಂದ ಬಂದರು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ನೆಟ್ಟಗೆ ಬಂದು, ಟ್ರಂಕಿನಿಂದ ತಮ್ಮ ನಾಲ್ಕು ಧೋತರ ತೆಗೆದು ಹೊರಗಿಟ್ಟು, ಆ ಜಾಗದಲ್ಲಿ ಪೊಟ್ಟಣ ಬಿಚ್ಚಿ ಇಟ್ಟರು. ಒಂದು ಕರಿ ಟೋಪಿ.

"ಇದ್ಯಾಕ್ರಿ?" ಎಂದರು ಅತ್ತೆ.

"ನನಗ" ಎಂದರು ಮಾವ, ಯಾರ ಮುಖವನ್ನೂ ನೋಡದೆ. "ಅಲ್ಲೆ ಹೋದಮ್ಯಾಲ ನಾ ಇದನ್ನ ಹಾಕ್ಕೋತೇನಿ. ನೀ ಕಟ್ಟೂದೇನೂ ಬ್ಯಾಡ. ಸುಮ್ನ ಹಡಗ ನೋಡು, ಊರ ನೋಡು. ಅಷ್ಟಕ್ಕ ಬಾ."

ಅತ್ತೆ ಟೋಪಿಯನ್ನು ಎತ್ತಿ, ಸುತ್ತ ತಿರುಗಿಸಿ ನೋಡಿ, ಟ್ರಂಕಿನ ಒಂದು ಮೂಲೆಯಲ್ಲಿ ಕೆಳಗೆ ಇಟ್ಟರು. ಅದರ ಮೇಲೆ ತಮ್ಮ ಸೀರೆಗಳನ್ನು ಒಂದೊಂದಾಗಿ ಪೇರಿಸಿದರು, ಕುಪ್ಪಸಗಳನ್ನು ಸಂದಿಗಳಲ್ಲಿ ತುರುಕಿದರು. ಎಲ್ಲಕ್ಕಿಂತ ಮೇಲೆ, ಕೈಗೆ ಮೊದಲು ಸಿಗುವಂತೆ, ಮೂರು ಬಿಳಿ ರುಮಾಲು ಮಡಿಚಿ ಇಟ್ಟರು.

"ಟೋಪಿ ಇರ್ಲಿ" ಎಂದರು. "ಆದ್ರ ನಾ ಬದುಕಿರೂತನ ಅದು ನಿಮ್ಮ ಕೈಗೆ ಸಿಗಾಂಗಿಲ್ಲ."

ಆಮೇಲೆ ಮುಚ್ಚಳ ಒತ್ತಲು ನನ್ನನ್ನು ಕರೆದು ಟ್ರಂಕಿನ ಮೇಲೆ ಕೂರಿಸಿ, ಕೊಂಡಿ ಹಾಕಿದರು.