ಖಾಲಾರ ಕೈ, ಚಾಚಾರ ಕಾಲು

ಜುಬೇದಾ ಖಾಲಾ ಎಂದರೆ ನನಗೆ ಮೊದಲು ಕಾಣುವುದು ಒಂದೇ ಹೊಲಿಗೆ ಯಂತ್ರದ ಮುಂದೆ ಕೂತ ಇಬ್ಬರು. ಬಟ್ಟೆ ಹಿಡಿದ ಕೈ ಖಾಲಾರದು. ಕೆಳಗೆ ಪೆಡಲು ತುಳಿಯುವ ಕಾಲು ಅವರ ಗಂಡ ಹನೀಫ್ ಚಾಚಾರದು. ಖಾಲಾರ ಪ್ಲಾಸ್ಟರ್ ಹಾಕಿದ ಕಾಲು ಪಕ್ಕದ ಸ್ಟೂಲಿನ ಮೇಲೆ ದಿಂಬು ಹಾಕಿಸಿಕೊಂಡು, ಮನೆಗೆ ಬಂದ ಬೀಗರ ಹಾಗೆ ಆರಾಮಾಗಿ ಒರಗಿರುತ್ತಿತ್ತು.

ಆಗ ನಾನು ಯಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಪಾಠ ಹೇಳುವ ಹೆಂಗಸಾದ್ದರಿಂದ ಅವರಿಗೆ ‘ಅಕ್ಕೋರು’. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಖಾಲಾರ ಪಾದದ ಕೀಲು ಮುರಿದಿತ್ತು. ಮಗಳು ನಸೀಮಾ ಅಡುಗೆಯಿಂದ ಸ್ನಾನದವರೆಗೆ ಎಲ್ಲ ನೋಡಿಕೊಂಡಳು. ಆದರೆ ಮಲಗಿರಲು ಖಾಲಾ ಒಪ್ಪಲಿಲ್ಲ.

"ಮಲಗಿದ್ರೆ ಬಂದೋರೆಲ್ಲ ‘ಪಾಪ’ ಅಂತಾರೆ. ಕೂತಿದ್ರೆ ‘ಬ್ಲೌಸ್ ಯಾವಾಗ ಕೊಡ್ತೀರಿ’ ಅಂತ ಬೈತಾರೆ. ನಂಗೆ ಬೈಸ್ಕೊಳ್ಳೋದೇ ಚಲೋ."

ಚಾಚಾ ಅರಬೈಲ್ ಘಟ್ಟದಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ ಮನೆ ಸೇರಿದವರು. ಪೆಡಲಿನ ಮೇಲೆ ಅವರ ಕಾಲು ಒಮ್ಮೆ ಭಾರ, ಒಮ್ಮೆ ಹಗುರ. ಚಕ್ರ ಹಿಂದಕ್ಕೆ ತಿರುಗಿ ದಾರ ಕಡಿಯುತ್ತಿತ್ತು. ಮನೆಮಾತು ಉರ್ದುವಾದರೂ ನಾನಿದ್ದರೆ ಇಬ್ಬರೂ ಕನ್ನಡದಲ್ಲೇ ಜಗಳವಾಡುತ್ತಿದ್ದರು. ತೀರ್ಪು ಹೇಳಲು ಯಾರಾದರೂ ಬೇಕಲ್ಲ.

"ಅಜೀ, ನಿಧಾನ! ತೋಳಿನ ತಿರುವಲ್ಲಿ ಎಕ್ಸಲೇಟರ್ ಒತ್ತೋದಾ?"

"ತಿರುವು ಬಂತು ಅಂತ ಮೊದಲೇ ಹೇಳ್ಬೇಕು. ಕ್ಲೀನರ್ ಆದೋಳು ನಿದ್ದೆ ಹೊಡೆದ್ರೆ ಡ್ರೈವರ್ ಎಂತ ಮಾಡೋದು?"

"ಕೇಳಿದ್ರಾ ಅಕ್ಕೋರೆ? ನನ್ನ ಮಷಿನ್ನಿಗೆ ನಾನೇ ಕ್ಲೀನರ್ ಅಂತೆ!"

ಪ್ಲಾಸ್ಟರ್ ತೆಗೆದರು. ಇನ್ನು ಕಾಲೂರಿ ನಡೆಯಬೇಕು, ತಡ ಮಾಡಿದರೆ ಕೀಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ವಾಕರ್ ಬಂತು. ಖಾಲಾ ಅದರ ಮೇಲೆ ಹೊಲಿದ ಬ್ಲೌಸುಗಳನ್ನು ನೇತುಹಾಕಿದರು. ಕೇಳಿದಾಗಲೆಲ್ಲ "ನಾಳೆಯಿಂದ" ಎನ್ನುತ್ತಿದ್ದರು. ಅದು ಸೋಮಾರಿತನ ಎಂದುಕೊಂಡಿದ್ದೆ. ಒಂದು ಸಂಜೆ ಅವರು ಮೇಜು ಹಿಡಿದು ಎದ್ದು, ಪಾದ ನೆಲಕ್ಕೆ ತಾಗಿದ್ದೇ ಬಿಳಿಚಿಕೊಂಡು ಕೂತದ್ದನ್ನು ನೋಡಿದೆ.

"ನೋವಾ ಖಾಲಾ?"

"ನೋವಾದ್ರೆ ತಡ್ಕೋತಿದ್ದೆ. ಕಾಲಿಟ್ರೆ ನೆಲ ಕಾಣೋದಿಲ್ಲ ಅಕ್ಕೋರೆ, ಆ ಕಲ್ಲೇ ಕಾಣ್ತದೆ."

ಚಾಚಾ ಅಲ್ಲೇ ಇದ್ದರು. ಮರುದಿನವೋ, ಅದರ ಮರುದಿನವೋ, ಹೊಲಿಗೆಯ ನಡುವೆಯೇ ಪೆಡಲಿನಿಂದ ಕಾಲು ತೆಗೆದರು.

"ನಂದು ಡ್ಯೂಟಿ ಮುಗೀತು."

"ಅರ್ಧ ತೋಳಲ್ಲಿ ಬಿಟ್ಟು ಹೋಗ್ತಾರಾ ಯಾರಾದ್ರೂ?"

"ಇನ್ನರ್ಧಕ್ಕೆ ನಿಂದೇ ಕಾಲದೆಯಲ್ಲ," ಎಂದು ಚಪ್ಪಲಿ ಮೆಟ್ಟಿ ಚಾ ಅಂಗಡಿಗೆ ನಡೆದೇಬಿಟ್ಟರು. ಖಾಲಾ ಅವತ್ತು ಬೈದದ್ದು ಉರ್ದುವಿನಲ್ಲಿ. ಅದರಲ್ಲಿ ನನಗೆ ಪಾಲಿರಲಿಲ್ಲ.

ಕೆಲವು ದಿನ ಗೋಡೆಯಾಚೆ ಯಂತ್ರದ ಸದ್ದೇ ಇಲ್ಲ. ಆಮೇಲೊಂದು ಮಧ್ಯಾಹ್ನ, ಟಕ್. ಬಹಳ ಹೊತ್ತು ಬಿಟ್ಟು ಮತ್ತೆ ಟಕ್. ಹೋಗಿ ನೋಡಿದರೆ ಖಾಲಾ ಮುರಿದಿದ್ದ ಕಾಲಿನ ಬೆರಳುಗಳನ್ನು ಪೆಡಲಿನ ಮೇಲಿಟ್ಟು, ಒಂದೊಂದು ತುಳಿತಕ್ಕೂ ಗಂಡನಿಗೆ ಒಂದೊಂದು ಬೈಗುಳ ಇಡುತ್ತ ಅಳುತ್ತಿದ್ದರು. ತೋಳಿನ ಹೊಲಿಗೆ ಮುಗಿಯಿತು. ಆ ವಾರವೇ ಬ್ಲೌಸುಗಳು ಗೂಟಕ್ಕೆ ಹೋದವು, ವಾಕರ್ ಖಾಲಾರ ಜೊತೆ ಅಂಗಳಕ್ಕೆ ಬಂತು.

ಅವತ್ತು ಚಾಚಾ ಹೊರಗಿನ ಕಟ್ಟೆಯ ಮೇಲೆ ಕೂತು ಆ ಟಕ್ ಟಕ್ ಕೇಳಿಸಿಕೊಳ್ಳುತ್ತಿದ್ದರು ಎಂದು ನನ್ನ ನೆನಪು. ಆದರೆ ನನ್ನ ದಿನಚರಿಯಲ್ಲಿ ಅಂದಿನ ಪುಟದಲ್ಲಿ ಚಾಚಾ ಇಲ್ಲ. ಅವರನ್ನು ಆ ಕಟ್ಟೆಯ ಮೇಲೆ ಆಮೇಲೆ ನಾನೇ ಕೂರಿಸಿದೆನೋ ಏನೋ. ಹೆಂಡತಿ ನಡೆಯಲೆಂದೇ ಅವರು ಪೆಡಲು ಬಿಟ್ಟರು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. "ಅಬ್ಬಾಗೆ ಆಗ ಮಂಡಿನೋವು ಜೋರಿತ್ತು ಅಕ್ಕೋರೆ," ಎನ್ನುತ್ತಾಳೆ ನಸೀಮಾ.

ನನಗೆ ಶಿರಸಿಗೆ ವರ್ಗವಾಯಿತು. ಕಳೆದ ವರ್ಷ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಖಾಲಾ ಸಿಕ್ಕರು, ಒಬ್ಬರೇ. ಚಾಚಾ ತೀರಿಕೊಂಡಿದ್ದರು. ಕೇಳಬಾರದಿತ್ತೇನೋ, ಕೇಳಿದೆ: ಮಂಡಿನೋವೋ, ಬೇಕೆಂದೇ ಬಿಟ್ಟದ್ದೋ?

ಖಾಲಾ ಯೋಚಿಸಿದರು. "ಸಿಟ್ಟಲ್ಲಿ ಆಗ ಕೇಳ್ಲಿಲ್ಲ. ಆಮೇಲೆ ಕೇಳೋಣ ಕೇಳೋಣ ಅಂತ್ಲೇ ಆಯ್ತು." ಬಸ್ಸು ಬರುವ ದಾರಿ ನೋಡುತ್ತ, "ಕೇಳಿದ್ರೂ ಮಂಡಿ ಅಂತ್ಲೇ ಹೇಳ್ತಿದ್ರು, ಬಿಡಿ," ಎಂದರು.

ಯಲ್ಲಾಪುರದ ಬಸ್ಸು ಬಂತು. ಹತ್ತಿಸಲೆಂದು ನಾನು ಕೈ ಚಾಚಿದೆ. ಖಾಲಾ ಆ ಕೈಗೆ ತಮ್ಮ ಚೀಲ ಕೊಟ್ಟರು. ಕಂಬಿ ಹಿಡಿದು, ಮುರಿದಿದ್ದ ಕಾಲನ್ನೇ ಮೊದಲು ಮೆಟ್ಟಿಲಿಗಿಟ್ಟು ಹತ್ತಿ, ಮೇಲೆ ನಿಂತು, ಚೀಲ ವಾಪಸು ಕೇಳಿದರು.