ಚಿನ್ನದ ಮೇಲೆ ಎರಡನೆಯ ಗೆರೆ

ಗಾಜಿನ ಬಿಲ್ಲೆಗಳಿಗೆ ಚಿನ್ನದ ಲೇಪ ಕೊಡುವ ಕೆಲಸ ಆ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವಳದೇ. ಆ ತೆಳು ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಕೊರೆದು ಕೆಂಪು ಬೆಳಕು ಬಿಟ್ಟರೆ, ಬೆಳಕು ಗಾಳಿಗೆ ಚಿಮ್ಮದೆ ಚಿನ್ನದ ಮೈಗೆ ಅಂಟಿಕೊಂಡೇ ಅಲೆಯಾಗಿ ಹರಿಯುತ್ತದೆ. ಗೀರು ಬಾಗಿಸಿದಂತೆ ಬಾಗಿ ಒಂದು ಚುಕ್ಕೆಯಲ್ಲಿ ಕೂಡುತ್ತದೆ. ಗೀರು ಕೊರೆಯುತ್ತಿದ್ದವಳು ಅಕ್ಕ. ಒಡಹುಟ್ಟಿದವಳಲ್ಲ, ಕೈಹಿಡಿದು ಕೆಲಸ ಕಲಿಸಿದವಳು.

ಹಾಸಿಗೆ ಹಿಡಿದಾಗ ಅಕ್ಕ ಫೋನು ಮಾಡಿದ್ದಳು. "ಒಂದ್ಸಲ ಬಂದು ಹೋಗೇ."

"ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ ಅಕ್ಕ. ಭಾನುವಾರ ಖಂಡಿತ ಬರ್ತೀನಿ."

ಶುಕ್ರವಾರವೇ ಎಲ್ಲ ಮುಗಿದುಹೋಯಿತು. ಸಾವಿನ ಮನೆಗೆ ಹೋಗಲು ಅವಳಿಗೆ ಮುಖವಿರಲಿಲ್ಲ.

ಕೊರೆಯುವ ಕೆಲಸವೂ ಅವಳ ತಲೆಗೇ ಬಂತು. ಮೊದಲ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೆಳಕೇನೋ ಚುಕ್ಕೆಯತ್ತ ಹರಿದಿತ್ತು. ಆದರೆ ಪಕ್ಕದಲ್ಲೇ ಮಸುಕಾದ ಇನ್ನೊಂದು ಗೆರೆ. ಹನ್ನೊಂದು ಬಿಲ್ಲೆ ಮಾಡಿದಳು, ಹನ್ನೊಂದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ. ಯಾರೋ ಸದ್ದಿಲ್ಲದೆ ಬಂದು ಮಗ್ಗುಲಲ್ಲಿ ನಿಂತ ಹಾಗೆ. ಅಕ್ಕ ನಿಲ್ಲುತ್ತಿದ್ದುದೇ ಹಾಗೆ. ಹಾಡುಹಗಲಲ್ಲೇ ಅವಳು ಮತ್ತೆ ಮತ್ತೆ ಹಿಂದಿರುಗಿ ನೋಡತೊಡಗಿದಳು.

"ಏನಮ್ಮ, ಮಿಷಿನ್ನಿಗೆ ದೆವ್ವ ಗಿವ್ವ ಹೊಕ್ಕಿದೆಯಾ?" ಪ್ರೊಫೆಸರು ನಕ್ಕರು.

ಅವಳಿಗೆ ನಗು ಬರಲಿಲ್ಲ. "ಬಿಚ್ಚಿ ನೋಡ್ತೀನಿ ಸಾರ್."

ಲೇಪದ ಯಂತ್ರದೊಳಗೆ, ಬಿಲ್ಲೆ ಕೂರುವ ಜಾಗದಿಂದ ಬೆರಳಗಲ ಕೆಳಗೆ, ಅಡ್ಡಲಾಗಿ ಉದ್ದನೆಯದೊಂದು ಕೂದಲು ಸಿಕ್ಕಿಕೊಂಡಿತ್ತು. ಚಿನ್ನದ ಆವಿ ಮೇಲೇರುವಾಗ ಅದರ ಮರೆಗೆ ಲೇಪ ಒಂದಿಷ್ಟು ತೆಳುವಾಗಿ, ಬೆಳಕು ಅಲ್ಲಿ ಕವಲೊಡೆಯುತ್ತಿತ್ತು. ಕೂದಲಿಗೆ ಮೆತ್ತಿದ್ದ ಚಿನ್ನವನ್ನು ಉಜ್ಜಿದಳು. ಒಳಗೆ ಬೆಳ್ಳಗಿತ್ತು. ಆ ಯಂತ್ರದೊಳಗೆ ತಲೆ ಹಾಕಿ ಒರೆಸುತ್ತಿದ್ದವರಲ್ಲಿ ನರೆತ ಉದ್ದ ಕೂದಲು ಇದ್ದದ್ದು ಒಬ್ಬಳಿಗೇ.

"ಏನದು?"

"ಕಸ ಸಾರ್," ಎಂದು ಕೂದಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ಮುಂದಿನ ಬಿಲ್ಲೆಯಲ್ಲಿ ಒಂದೇ ಗೆರೆ. ಪ್ರೊಫೆಸರು ಬೆನ್ನು ತಟ್ಟಿದರು. ಚುಕ್ಕೆಯ ಪಕ್ಕದ ಕತ್ತಲನ್ನು ಅವಳು ಬಹಳ ಹೊತ್ತು ನೋಡಿದಳು. ಅದು ಗೆರೆಗಿಂತ ಹೆಚ್ಚು ಹೆದರಿಸಿತು. ಕೊನೆಗೆ ಅಕ್ಕನ ಮನೆಗೆ ಫೋನು ಹಚ್ಚಿದಳು.

"ಭಾವ, ನಾನು ಅವತ್ತೇ ಬರಬೇಕಿತ್ತು."

ಅತ್ತಲಿಂದ ಭಾವನ ದನಿ ಬಂತು: "ಗುರುವಾರವಿಡೀ ಬಾಗಿಲು ತೆಗೆಸೇ ಇಟ್ಟಿದ್ದಳಮ್ಮ. ಕೆಲಸ ಬೇಗ ಮುಗಿಸಿ ಬಂದುಬಿಡ್ತಾಳೆ, ಪಾಪ ಬಡೀತಾ ನಿಲ್ಲಬಾರದು ಅಂತ."

ಸಂಜೆ ಅವಳು ಹೋದಳು. ಹೊಸ್ತಿಲ ಬಳಿ ಕಾಲು ಮುಂದೆ ಬರಲಿಲ್ಲ. ಭಾವನೇ ಎದ್ದು ಬಂದು, "ಬಾ ತಾಯಿ," ಎಂದರು. ಒಳಗೆ ಹಾಸಿಗೆ ಇನ್ನೂ ಬಾಗಿಲಿಗೆ ಮುಖ ಮಾಡಿಯೇ ಇತ್ತು.