ಜಯಮ್ಮನ ಗುಮಾನಿ

“ಮೊದ್ಲು ನಿಮ್ ಮಗೀಗೆ ನುಂಗ್ಸಿ, ಆಮೇಲ್ ನೋಡಾನ” ಎಂದು ಜಯಮ್ಮ ತನ್ನ ಮಗನನ್ನು ಸೆರಗಿನ ಮರೆಗೆ ಎಳೆದುಕೊಂಡಳು.

ತುರ್ತುಪರಿಸ್ಥಿತಿ ಮುಗಿದ ಹೊಸತು. ಮಹಿಳಾ ಸಮಾಜದ ನಾವು ಹುಲಿಯೂರುದುರ್ಗದ ಮನೆಮನೆಗೆ ಹೋಗಿ, ಮಕ್ಕಳಿಗೆ ಕೈ ತೊಳೆದು ಉಣ್ಣಲು ಹೇಳಿಕೊಟ್ಟು, ಜಂತುಹುಳದ ಮಾತ್ರೆ ಕೊಡುತ್ತಿದ್ದೆವು. ಅದು ಮುಂದೆ ಮಕ್ಕಳಾಗದಂತೆ ಮಾಡುವ ಮಾತ್ರೆ ಎಂದು ಊರೆಲ್ಲ ಸುದ್ದಿಯಾಗಿತ್ತು.

ಜೊತೆಗಿದ್ದ ನನ್ನ ಮಗಳಿಗೆ ಅಲ್ಲೇ ನುಂಗಿಸಿದೆ. ಜಯಮ್ಮನಿಗೆ ಅದೂ ಸಾಲಲಿಲ್ಲ. ನಮ್ಮನ್ನು ಸಂಜೆಯವರೆಗೆ ಜಗಲಿಯಲ್ಲೇ ಕೂರಿಸಿಕೊಂಡು, ನನ್ನ ಮಗಳಿಗೆ ಮುದ್ದೆ ಉಣಿಸಿ, ಅವಳ ಹಣೆ ಮುಟ್ಟಿ ಮುಟ್ಟಿ ನೋಡಿದಳು. ಹೊತ್ತಿಳಿದಾಗ, “ಇದ್ರಾಗೆ ಏನ್ ಹಾಕವ್ರೆ ಅಂತ ನಿಮ್ಗೆ ಗೊತ್ತಾ ಅಕ್ಕಾ?” ಎಂದಳು.

“ಇಲ್ಲಮ್ಮ” ಎಂದೆ.

“ಸುಳ್ ಹೇಳ್ಲಿಲ್ವಲ್ಲ, ಕೊಡಿ” ಎಂದು ಮಾತ್ರೆಯನ್ನು ಮಗನ ಬಾಯಿಗೆ ಹಾಕಿದಳು.

ಮರುದಿನವೇ ಮಗಳನ್ನು ಕರೆದುಕೊಂಡು ಕುಣಿಗಲ್‌ಗೆ ಹೋಗಿ, ಆ ಮಾತ್ರೆಯಲ್ಲಿ ಏನಿದೆ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಕೇಳುವಾಗ ನನ್ನ ಕೈ ಮಗಳ ಹಣೆಯ ಮೇಲಿತ್ತು.